ಬರಿದಾಗದ ತಟ್ಟೆ

ಹುಣಸೂರಿನ ಮಾರ್ವಾಡಿ ಭೋಜನಶಾಲೆಯ ನೆಲದಲ್ಲಿ, ಮಣೆಯ ಮೇಲೆ ಕೂತಿದ್ದ ಗುರುಮಲ್ಲಪ್ಪನವರು ಒಂಬತ್ತನೆಯ ರೊಟ್ಟಿ ಮುಗಿಸಿ ಬೆವರುತ್ತಿದ್ದರು. ಸಂಜೆ ಎಚ್.ಡಿ. ಕೋಟೆಯಲ್ಲಿ ಮಗಳ ವೀಳ್ಯಶಾಸ್ತ್ರ. ಅಪ್ಪನೇ ತಾಂಬೂಲ ಕೊಡಬೇಕು. ಎರಡು ಗಂಟೆಯ ಬಸ್ಸು ತಪ್ಪಿದರೆ ಇನ್ನು ನಾಳೆಯೇ.

ಅನ್ನವೆಂದರೆ ಪ್ರಸಾದ, ಒಂದು ಚೂರೂ ಬಿಡಬಾರದು ಎಂದು ಬೆಳೆದವರು ಅವರು. ಇಲ್ಲಿ ಮಾತ್ರ ತಟ್ಟೆ ಬರಿದಾದರೆ ಉಂಡವನಿಗೆ ಇನ್ನೂ ಹಸಿವಿದೆ ಎಂದರ್ಥ. ಬಡಿಸುವವನಿಗೆ ಮಹಾರಾಜ ಎಂದೇ ಹೆಸರು. ಪ್ರಜೆಗಳ ಅಹವಾಲು ಕೇಳುವ ಅಭ್ಯಾಸ ಅವನಿಗಿರಲಿಲ್ಲ.

"ಸಾಕು ಕಣಪ್ಪ!" ಎಂದು ತಟ್ಟೆಗೆ ಕೈ ಅಡ್ಡ ಹಿಡಿದರೆ, "ಸಣ್ಣದು ಯಜಮಾನ್‌ಜೀ, ಬಹುತ್ ಸಣ್ಣದು!" ಎನ್ನುತ್ತ ಆ ಕೈಯ ಮೇಲೇ ಇನ್ನೊಂದು ರೊಟ್ಟಿ ಹೊದಿಸಿದ.

ಭಾಮೈದ ನಂಜಣ್ಣ ಅರ್ಧ ರೊಟ್ಟಿ ಬಿಟ್ಟು, ಕೈತೊಳೆದು, ದುಡ್ಡನ್ನೂ ಕೊಟ್ಟು ಬಾಗಿಲಲ್ಲಿ ನಿಂತಿದ್ದ. "ಒಸಿ ಬುಟ್ಟು ಎದ್ದೇಳಿ ಭಾವ, ಆಗ ಅವ್ನೂ ನಿಮ್ಮನ್ನ ಬುಡ್ತಾನೆ."

"ಬುಡಾಕ್ ಆದದೇನ್ಲಾ? ಪ್ರಸಾದ ಕಣೋ!"

ಹೊರಗೆ ಬಸ್ಸು ಹಾರನ್ ಹೊಡೆಯಿತು. ಗುರುಮಲ್ಲಪ್ಪನವರು ರೊಟ್ಟಿಯನ್ನು ಸುರುಳಿ ಸುತ್ತಿ ಇಡಿಯಾಗಿ ಬಾಯಿಗೆ ತುರುಕಿಕೊಂಡರು. ತಟ್ಟೆ ಬರಿದಾಯಿತು, ಮಹಾರಾಜ ಬಾಗಿದ. ಅವನ ಕೈ ಇಳಿಯುವ ಮೊದಲೇ ತಟ್ಟೆಯನ್ನೇ ಕಂಕುಳಿಗೆ ಸಿಕ್ಕಿಸಿಕೊಂಡು, ನಂಜಣ್ಣನನ್ನು ಎಳೆದುಕೊಂಡು ಬಸ್ಸಿಗೆ ಓಡಿದರು.

ಬಸ್ಸು ಹೊರಟಿತು. ಸೀಟಿನಿಂದ ಹಿಂತಿರುಗಿ ನೋಡಿದರೆ, ರೊಟ್ಟಿಯ ಬುಟ್ಟಿ ಹಿಡಿದೇ ಮಹಾರಾಜ ಓಡಿ ಬರುತ್ತಿದ್ದ. ಅದು ತಟ್ಟೆಗಾಗಿಯೋ, ತಟ್ಟೆಗೆ ಬಡಿಸುವುದಕ್ಕೋ ತಿಳಿಯಲಿಲ್ಲ. ನಿಲ್ಲಿಸಬೇಡಿ ಎಂದು ಕೂಗೋಣವೆಂದರೆ ಗುರುಮಲ್ಲಪ್ಪನವರ ಬಾಯಿ ತುಂಬಿತ್ತು.

"ತಡೀರಿ ಡ್ರೈವರಣ್ಣ, ಪಾಪ, ಯಾರೋ ಓಡಿ ಬತ್ತಾವ್ರೆ," ಎಂದು ಕಂಡಕ್ಟರ್ ಸೀಟಿ ಊದಿದ.