ಸುಕ್ಕಲ್ಲ, ಮಡಿಕೆ

ಗಿರಾಕಿಗಳ ಮನೆಗೆ ಬಟ್ಟೆ ಕೊಟ್ಟು ಅಕ್ಕ ವಾಪಸು ಬಂದಾಗ, ಇಸ್ತ್ರಿ ಅಂಗಡಿಯ ಮೇಜಿನ ಮೇಲೆ ಅವಳ ದೊಡ್ಡ ಬಿಳಿ ಹಾಳೆ ಬೋಳಾಗಿ ಮಲಗಿತ್ತು. ಒಂದು ಮೂಲೆ ಕಂದಿತ್ತು. ತಮ್ಮ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ದೊಡ್ಡ ಉಪಕಾರ ಮಾಡಿದವನ ಹಾಗೆ ನಕ್ಕ.

“ಒಳಗೆ ಸುಕ್ಕುಸುಕ್ಕಾಗಿ ಬಿದ್ದಿತ್ತಕ್ಕ. ನೀರು ಚಿಮುಕಿಸಿ ಇಸ್ತ್ರಿ ಎಳೆದೆ. ಈಗ ನೋಡು, ಹೊಸದರ ಹಾಗಿದೆ.”

ಅಕ್ಕ ಖಾಲಿ ಚೀಲ ಕೆಳಗಿಟ್ಟಳು. ಆ ಹಾಳೆಯ ತುಂಬ ಅವಳು ಉಗುರಿನಿಂದ ಗೆರೆ ಎಳೆದು, ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ಕಾಗದದ ಮೊಸಳೆಯೊಂದಕ್ಕೆ ಮೈ ಸಿದ್ಧ ಮಾಡಿದ್ದಳು. ಕತ್ತರಿ ಇಲ್ಲ, ಗೋಂದು ಇಲ್ಲ. ಬೆನ್ನ ಹುರುಪೆ, ಬಾಲದ ಗರಗಸ ಎಲ್ಲ ಒಂದೇ ಹಾಳೆಯಿಂದ ಏಳಬೇಕು; ಅದಕ್ಕೆ ಮಡಿಕೆಗಳೆಲ್ಲ ಮೊದಲೇ ಬಿದ್ದಿರಬೇಕು. ಇವತ್ತು ಸಂಜೆ ಗ್ರಂಥಾಲಯದ ಮೇಡಮ್ ಬಂದು ಮೊಸಳೆಯನ್ನು ಅಲ್ಲಿನ ಪ್ರದರ್ಶನಕ್ಕೆ ಒಯ್ಯುವವರಿದ್ದರು. ಸಿದ್ಧವಿರದಿದ್ದರೆ ಆ ಜಾಗ ಬೇರೆಯವರಿಗೆ ಎಂದು ಖಡಾಖಂಡಿತವಾಗಿ ಹೇಳಿದ್ದರು. ಹುಟ್ಟಿದಾಗಿನಿಂದ ಅವಳ ಕೈಕೆಲಸಕ್ಕೆಂದು ಯಾರೂ ಒಂದು ಗೇಣು ಜಾಗ ಕೊಟ್ಟವರಲ್ಲ.

ಅಳಿಸಿಹೋದ ಗೆರೆಯೊಂದನ್ನು ಹುಡುಕಿ ಮಡಿಸಿ ನೋಡಿದಳು. ನೀರು ಕುಡಿದು ಬೆಂದ ಹಾಳೆ ತರಗೆಲೆಯಂತೆ ಮುರಿಯಿತು.

“ಸುಕ್ಕು ಅಂದ್ಯಾ?”

“ಮತ್ತೇನಕ್ಕ?”

“ಪ್ಯಾಂಟಿನ ಗೆರೆನ ಯಾರಾದ್ರೂ ಸುಕ್ಕು ಅಂದ್ರೆ ಅವರ ಮೈಮೇಲೆ ಹೋಗ್ತೀಯಲ್ಲ, ಇದು ಸುಕ್ಕಾ? ಮಡಿಕೆ ಕಣೋ, ಮಡಿಕೆ. ಇಷ್ಟು ವರ್ಷ ನೀನು ಎಳೆದ ಬಟ್ಟೆನೆಲ್ಲ ಮಡಿಸಿಕೊಟ್ಟವಳು ನಾನು. ನನ್ನ ಮಡಿಕೆ ನಿನ್ನ ಕಣ್ಣಿಗೆ ಬೀಳಲೇ ಇಲ್ಲ.”

ತಮ್ಮ ತಲೆ ಕೆರೆದುಕೊಂಡ. “ಕಾಗದ ತಾನೇ, ಬೇರೆ ತಂದುಕೊಡ್ತೀನಿ.”

ಆ ‘ತಾನೇ’ ಕೇಳಿ ಅವಳ ಸಿಟ್ಟು ನೆತ್ತಿಗೇರಿತು. ಇಸ್ತ್ರಿ ಪೆಟ್ಟಿಗೆಯ ಕೆಂಡವನ್ನೆಲ್ಲ ಹಿತ್ತಿಲಿಗೆ ಸುರಿದಳು. ಅಂಗಡಿಯ ಷಟರ್ ಬಾಗಿಲನ್ನು ಅರ್ಧ ಕೆಳಗೆಳೆದಳು. ಬಟ್ಟೆ ಸುತ್ತಿಕೊಡುವ ಬಿಳಿ ಹಾಳೆಗಳಲ್ಲಿ ಅಗಲವಾದದ್ದೊಂದನ್ನು ಮೇಜಿಗೆ ಹಾಸಿದಳು.

“ಕೂತ್ಕೋ. ನಾನು ತೋರಿಸಿದ ಕಡೆ ಉಗುರು ಎಳಿ.”

“ಡಾಕ್ಟ್ರ ಕೋಟು ಮಧ್ಯಾಹ್ನಕ್ಕೆ ಕೊಡ್ಬೇಕಕ್ಕ.”

“ಸುಕ್ಕು ಕೋಟು ಹಾಕ್ಕೊಂಡೇ ಸೂಜಿ ಚುಚ್ಚಲಿ. ರೋಗಿ ಏನು ಕೋಟು ನೋಡ್ತಾನಾ?”

ತಮ್ಮ ಕೂತ. ಇಸ್ತ್ರಿ ಒತ್ತಿ ಒತ್ತಿ ಬಲಿತ ಆ ಕೈಗೆ ಗೆರೆ ಎಳೆಯುವುದು ಬರುತ್ತಿತ್ತು, ನಿಲ್ಲಿಸುವುದು ಬರುತ್ತಿರಲಿಲ್ಲ. ಗೆರೆ ಅಂಚಿನವರೆಗೂ ಓಡುತ್ತಿತ್ತು. ಓಡಿದಾಗಲೆಲ್ಲ ಅಕ್ಕ ಮರದ ಅಳತೆಪಟ್ಟಿಯಿಂದ ಬೆರಳ ಗಂಟಿಗೆ ಒಂದು ಬಿಗಿಯುತ್ತಿದ್ದಳು. ಹೊರಗಿನಿಂದ ಯಾರೋ ಗಿರಾಕಿ ಬಾಗಿಲು ತಟ್ಟಿದ.

“ಏನಯ್ಯಾ, ಬೆಂಕಿ ಆರಿಹೋಯ್ತಾ?”

“ಒಳಗೆ ಚೆನ್ನಾಗೇ ಹೊತ್ತಿದೆ ಸ್ವಾಮಿ, ನಾಳೆ ಬನ್ನಿ,” ಎಂದ ತಮ್ಮ. ಅಕ್ಕ ನಗಲಿಲ್ಲ.

ಹಾಳೆ ಚಿಕ್ಕದು, ತೆಳು. ಹುರುಪೆ ಬೆನ್ನಿಗಷ್ಟೇ ಸಾಲಿತು, ಬಾಲಕ್ಕೆ ಗರಗಸ ಬರಲಿಲ್ಲ. ತಾನು ಅಂದುಕೊಂಡ ಮೊಸಳೆ ಇದಲ್ಲ ಎನ್ನುವುದು ಮಡಿಕೆ ಮಡಿಕೆಗೂ ಅವಳನ್ನು ಚುಚ್ಚಿತು. ಬಾಲ ಎದ್ದಿತು, ಕಾಲು ಮೂಡಿದವು. ತಮ್ಮನ ಕೈ ತಲೆಯ ಕಡೆಗೆ ಹೋಯಿತು. ಅಕ್ಕ ಆ ಕೈ ತಳ್ಳಿದಳು.

“ಬಾಯಿ ನಾನು ಮಾಡ್ತೀನಿ. ನೀನು ಬಾಯಿ ಮುಚ್ಚು.”

ಅವಳು ಮೊದಲು ಎಣಿಸಿದ್ದು ಬಾಯಿ ಮುಚ್ಚಿ ಬಿಸಿಲು ಕಾಯಿಸುವ ಮೊಸಳೆ. ಈಗ ದವಡೆಯ ಮಡಿಕೆಯನ್ನು ಒಳಕ್ಕೆ ತಿರುವಿ, ಇನ್ನೇನು ಹಾಳೆ ಹರಿಯಬೇಕು ಎನ್ನುವಷ್ಟು ಬಾಯಿ ಅಗಲಿಸಿದಳು.

ಅರ್ಧ ಬಾಗಿಲಿನಡಿ ಬಗ್ಗಿ ಒಳಗೆ ಬಂದ ಮೇಡಮ್ ಅದನ್ನು ಕಂಡು ಹಿಂದೆ ಸರಿದರು. “ಇದಕ್ಕೆ ಯಾರ ಮೇಲೆ ಇಷ್ಟು ಸಿಟ್ಟು?”

ತಮ್ಮ ಬೆರಳು ನೀವಿಕೊಳ್ಳುತ್ತಲೇ ಕೈ ಎತ್ತಿದ. “ನನ್ನ ಮೇಲೆ ಮೇಡಮ್.”

ಅಕ್ಕ ಅವನ ಕಡೆ ನೋಡದೆ, ಮೊಸಳೆಯನ್ನು ಎರಡೂ ಕೈಯಲ್ಲಿ ಎತ್ತಿ ಮೇಡಮ್ ಕೈಗೆ ಕೊಟ್ಟಳು.