ಪೆಂಟಮ್ಮನ ಟ್ರಂಕಿನಲ್ಲಿ ಕೌದಿಗೆ ಬಟ್ಟೆಯಿಲ್ಲ

ಪೆಂಟಮ್ಮನ ಟ್ರಂಕು ಮುಚ್ಚುತ್ತಿರಲಿಲ್ಲ. ಮೇಲೆ ಕೂತು ಒತ್ತಿದರೂ ಕೊಂಡಿ ಸಿಗುತ್ತಿರಲಿಲ್ಲ. ಮದುವೆಗಳಲ್ಲಿ ಉಡುಗೊರೆಯ ಆಯೇರಿಯಾಗಿ ಬಂದ ಸೀರೆಗಳು, ಮಕ್ತಲ್ ಸಂತೆಯಲ್ಲಿ ಸಸ್ತಾ ಸಿಕ್ಕವೆಂದು ತಂದ ಸೀರೆಗಳು, ಮಗಳು ಫೋನಿನಲ್ಲಿ ಒತ್ತಿ ತರಿಸಿದ ಸೀರೆಗಳು. ಎಲ್ಲವೂ ಮಿಂಚುತ್ತಿದ್ದವು. ಇಷ್ಟಿದ್ದೂ ಎಲ್ಲಿಗಾದರೂ ಹೊರಟಾಗ ಅವಳ ಮಾತು ಒಂದೇ: "ಉಡಾಕ ಒಂದೂ ಸೀರಿ ಇಲ್ಲ ನೋಡು!" ನಿಮ್ಮ ಮನೆಯಲ್ಲೂ ಈ ಮಾತು ಕೇಳಿರಬಹುದು.

ನಾರಾಯಣಪೇಟೆ ಜಿಲ್ಲೆಯಾದ ವರ್ಷದ ಬೇಸಿಗೆ. ಮಗಳು ಅಖಿಲಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಆ ಕುರುಬರ ಮನೆತನದಲ್ಲಿ ಹುಟ್ಟಿದ ಕೂಸಿನ ಮೈಗೆ ಮೊದಲು ಹೊಸ ಬಟ್ಟೆ ತಾಗಬಾರದು. ಮನೆಯವರು ಉಟ್ಟು, ಒಗೆದು, ಮೆತ್ತಗಾದ ಬಟ್ಟೆಗಳನ್ನು ಪದರಪದರವಾಗಿ ಹಾಸಿ ಹೊಲಿದ ಕೌದಿಯ ಮೇಲೆಯೇ ಅದು ಮಲಗಬೇಕು. ಪೆಂಟಮ್ಮ ಮಲಗಿದ್ದೂ ಹಾಗೆಯೇ, ಅವಳ ತಾಯಿ ಮಲಗಿದ್ದೂ ಹಾಗೆಯೇ.

ಕೌದಿ ಹೊಲಿಯುವ ಮುದುಕಿ ಬುಗ್ಗಮ್ಮ ಬಂದು ಅಂಗಳದಲ್ಲಿ ಕಾಲು ಚಾಚಿ ಕೂತಳು. "ತಗಿಯವ್ವ ಟ್ರಂಕು" ಎಂದಳು.

ಒಂದೊಂದೇ ಸೀರೆ ಹೊರಗೆ ಬಂತು. ಬುಗ್ಗಮ್ಮ ಪ್ರತಿಯೊಂದನ್ನೂ ಹಿಂಡಿ, ಕೆನ್ನೆಗೆ ಒತ್ತಿ ನೋಡಿ, ಆಚೆಗೆ ಇಡುತ್ತ ಹೋದಳು.

"ಯಾಕತ್ತಿ, ಎಲ್ಲಾ ಆಚಿಗೇ ಇಡತೀದಿ?"

"ಇವು ಬರಂಗಿಲ್ಲ. ಒಂದರ ಮ್ಯಾಲೊಂದು ನಿಲ್ಲವಲ್ಲವು, ಹಾವಿನಂಗ ಜಾರತಾವ."

"ಜಾರಿದ್ರ ಪಿನ್ನು ಹಾಕು."

"ಪಿನ್ನು ಹಾಕಿದ್ರ ಪದರ ನಿಲ್ಲತೈತಿ. ಕೂಸಿನ ಬೆವರು ನಿಲ್ಲತೈತೇನು? ನಿಮ್ಮವ್ವನ ನೂಲಿನ ಸೀರಿ ಇದ್ದುವಲ್ಲ, ಎಲ್ಲಿ ಅವು?"

ಪೆಂಟಮ್ಮ ದನಿ ಇಳಿಸಿದಳು. "ಪಾತ್ರಿ ಮಾರಾಕಿ ಬಂದಿದ್ಲು. ಹಳೇವು ಅಂತ ಆಕಿಗೆ ಹಾಕಿದೆ. ಸ್ಟೀಲಿನ ಡಬರಿ ಕೊಟ್ಳು."

"ಹಂಗಾರ ಮೊಮ್ಮಗನ್ನ ಡಬರ್ಯಾಗ ಮಲಗಸು!"

ಅಖಿಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳನ್ನು ನೋಡಲು ಬಂದಿದ್ದ ಆಶಾ ಕಾರ್ಯಕರ್ತೆ ಭಾಗ್ಯಜ್ಯೋತಿಗೂ ನಗು ತಡೆಯಲಾಗಲಿಲ್ಲ.

"ನೀನಾದ್ರೂ ಹೇಳವ್ವ" ಎಂದು ಪೆಂಟಮ್ಮ ಅವಳತ್ತ ತಿರುಗಿದಳು. "ನೂಲಿನ ಸೀರಿ ಒಂದರ ರೊಕ್ಕಕ್ಕ ಇಂಥವು ನಾಕು ಬರತಾವ. ತಪ್ಪೇನೈತಿ?"

"ನಾಕು ಬರತಾವ್ರಿ ಅಕ್ಕಾ, ಖರೇ. ಅದರಾಗ ಎಷ್ಟು ಉಟ್ಟೀರಿ?"

ಪೆಂಟಮ್ಮ ಸೀರೆಗಳ ರಾಶಿಯತ್ತ ನೋಡಿದಳು. ಕೆಲವಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

"ಇದು ಹೊಲದಾಗ ಬೆಳದ ಹತ್ತಿ ಅಲ್ರಿ" ಎಂದಳು ಭಾಗ್ಯಜ್ಯೋತಿ. "ಪ್ಲಾಸ್ಟಿಕ್ ಜಾತಿದು, ಅದನ್ನ ಕರಗಿಸಿ ದಾರ ಎಳದಿರತಾರ. ಬೆವರು ಹೀರಂಗಿಲ್ಲ, ಗಾಳಿ ಆಡಂಗಿಲ್ಲ. ಈ ಬಿಸಿಲಾಗ ಎಳಿ ಕೂಸಿಗೆ ಸುತ್ತಿದ್ರ ಮೈತುಂಬ ಬೆವರುಗುಳ್ಳಿ. ಒಲಿ ಕಿಡಿ ಬಿದ್ರ ಕರಗಿ ಚರ್ಮಕ್ಕ ಅಂಟತೈತಿ. ಒಗದಾಗೆಲ್ಲ ಕಣ್ಣಿಗೆ ಕಾಣದ ಎಳಿ ಉದುರಿ ಕೆರಿ ಸೇರತಾವ. ಇಷ್ಟು ಸಸ್ತಾ ಕೊಡಬೇಕಂದ್ರ ಗಿರಣ್ಯಾಗ ನೇಯ್ದಾಕಿಗೆ ಎಷ್ಟು ಕೂಲಿ ಸಿಕ್ಕಿರಬೇಕು, ನೀವ ಹೇಳ್ರಿ."

ಬಾಗಿಲಲ್ಲಿ ನಿಂತಿದ್ದ ಪೆಂಟಮ್ಮನ ಗಂಡ ತಾಯಪ್ಪ ಬಾಯಿ ಹಾಕಿದ. "ಹ್ವಾದ ವರ್ಷ ಹೊಲಕ್ಕ ಗೊಬ್ಬರ ಹಾಕಿದ್ನಲ್ಲ, ಯಾವಾಗೋ ತಿಪ್ಪಿಗೆ ಒಗದ ಇಕಿ ನೀಲಿ ಸೀರಿ ಕುಂಟಿ ಹೊಡಿಯೂ ಮುಂದ ಸಿಕ್ಕೊಂಡು ಬಂತು. ಸಗಣಿ ಮಣ್ಣಾಗಿತ್ತು, ಅದು ಆಗಿರಲಿಲ್ಲ."

"ಗಟ್ಟಿ ಐತಿ ಅಂದಂಗಾತಲ್ಲ!" ಎಂದಳು ಪೆಂಟಮ್ಮ, ಸೋಲದೆ.

"ಗಟ್ಟಿ ಹೊಲದಾಗ. ಮೈಮ್ಯಾಲಿದ್ದಾಗ ನಾಕು ಸಲ ಒಗಿಯೂದ್ರಾಗ ಜರಿ ಉದುರಿತ್ತು."

ಪೆಂಟಮ್ಮ ಸಿಟ್ಟಿನಿಂದ ಬುಟ್ಟಿ ಹಿಡಿದು ಓಣಿಗೆ ಹೊರಟಳು. ಹಳೇ ನೂಲಿನ ಬಟ್ಟೆ ಯಾರ ಮನೆಯಲ್ಲಿಲ್ಲ? ಮೊದಲ ಮನೆ ಮೈಸಮ್ಮನದು.

"ಟ್ರಂಕು ತುಂಬ ಸೀರಿ ಇಟಗೊಂಡಾಕಿ ಹರಕು ಬೇಡಾಕ ಬಂದ್ಲು ನೋಡ್ರಿ!" ಎಂದು ಮೈಸಮ್ಮ ಓಣಿಗೆಲ್ಲ ಕೇಳುವಂತೆ ನಕ್ಕಳು. ಆಮೇಲೆ ತನ್ನ ಬೀರು ತೆಗೆದಳು. ಮೇಲಿನ ಅರೆ ನೋಡಿದಳು, ಕೆಳಗಿನ ಅರೆ ನೋಡಿದಳು. ನಗು ಹೋಯಿತು. ಅಲ್ಲೂ ಎಲ್ಲಾ ಜಾರುವ ಬಟ್ಟೆಯೇ. ಮುಂದಿನ ಮನೆಯಲ್ಲೂ ಅದೇ, ಅದರಾಚೆಯ ಮನೆಯಲ್ಲೂ ಅದೇ. ಓಣಿ ಸುತ್ತಿ ಬಂದರೂ ಬುಟ್ಟಿಯ ತಳ ಕಾಣುತ್ತಿತ್ತು.

ಪೆಂಟಮ್ಮ ಒಳಗೆ ದೇವರ ಜಗಲಿಯ ಮುಂದೆ ಕುಸಿದು ಕೂತಳು. "ಯಪ್ಪಾ ಮೈಲಾರಲಿಂಗ, ನನ್ನ ಮನ್ಯಾಗ ಹುಟ್ಟೂ ಜೀವಕ್ಕ ಒಂದು ಹಾಸಿಗಿ ಇಲ್ಲದಂಗಾತೇನು?" ಎಂದು ಕಣ್ಣೊರೆಸಿಕೊಂಡಳು. ಥಟ್ಟನೆ ಎದ್ದು ಸೀರೆಗಳ ರಾಶಿಯನ್ನೇ ಬಾಚಿ ಒಲೆಯ ಕಡೆ ನಡೆದಳು.

"ಬ್ಯಾಡವ್ವ!" ಅಖಿಲಾ ಅಡ್ಡ ಬಂದಳು. "ಆ ಹೊಗಿ ನನಗೂ ಛಲೋ ಅಲ್ಲ, ಹೊಟ್ಟ್ಯಾಗಿನದಕ್ಕೂ ಛಲೋ ಅಲ್ಲ. ತಂದದ್ದು ತಂದಾತು. ಹರಿಯೂತನ ಉಡೂಣು. ಇನ್ನ ಸುಮ್ಮಸುಮ್ಮನ ತರೂದು ಬ್ಯಾಡ. ನಾನೂ ಫೋನಿನಾಗ ಒತ್ತಂಗಿಲ್ಲ."

ತಾಯಪ್ಪ ಒಳಗೆ ಹೋಗಿ ಗೂಟದ ಮೇಲಿದ್ದ ತನ್ನ ಧೋತ್ರಗಳನ್ನು ತಂದ. ಕುರಿಗಳ ಹಿಂದೆ ಬಿಸಿಲಲ್ಲಿ ನಡೆದು, ಹಳ್ಳದಲ್ಲಿ ಒಗೆದು, ತೇಪೆ ಹಾಕಿ ಉಟ್ಟ ಧೋತ್ರಗಳು. ಬುಗ್ಗಮ್ಮ ಒಂದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಹೂವಿನಂಗ ಐತೆಪ್ಪ!"

"ಮತ್ತ ನಿಮಗ?" ಎಂದಳು ಪೆಂಟಮ್ಮ.

"ಮೈಮ್ಯಾಲೆ ಒಂದು ಐತಲ್ಲ. ಇನ್ನೊಂದು ನಾರಾಯಣಪೇಟ್ಯಾಗ ಮಗ್ಗದ್ದು ತರೂಣು. ಅದೂ ಹಿಂಗ ಮೆತ್ತಗಾಗೂತನ ಉಡತೀನಿ."

ಮರುದಿನ ಮುಂಜಾನೆ ಮೈಸಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಅತ್ತೆಯ ಕಾಲದ ನೂಲಿನ ಸೀರೆ. "ಮೂಟಿ ಕಟ್ಟಿ ಅಟ್ಟದ ಮ್ಯಾಲೆ ಒಗದಿದ್ನೆವ್ವ. ರಾತ್ರಿ ನೆಪ್ಪಾತು" ಎಂದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು ತುಂಡು ಪಂಚೆ, ಹರಿದ ಟವೆಲು ಹಿಡಿದು ಬಂದರು. ಬೇವಿನ ನೆರಳಲ್ಲಿ ಕೌದಿ ಹರಡಿತು. ಸೂಜಿಗಳು ಓಡಿದಂತೆ ಮಾತೂ ಓಡಿತು.

"ನಾನು ಗದ್ವಾಲದ ಬೀಗರಿಗೆ ಮಾಡಿದ್ದ ಆಯೇರಿ ಸೀರಿ, ಐಜ ಊರಿನ ಮದಿವ್ಯಾಗ ತಿರಗಿ ನನಗ ಬಂತು. ಮಡಿಕಿ ಸೈತ ಬಿಚ್ಚಿರಲಿಲ್ಲ!" ಎಂದಳು ಮೈಸಮ್ಮ. ನಗು ನಿಂತ ಮೇಲೆ ಎಲ್ಲರೂ ಒಂದು ಮಾತಿಗೆ ಬಂದರು. ಇನ್ನು ತಮ್ಮ ತಮ್ಮ ಮನೆಗಳ ಆಯೇರಿಗೆ ಸೀರೆಯ ಗಂಟು ಬೇಡ, ದಿನಾ ಬಳಸುವ ಒಂದು ನೂಲಿನ ಟವೆಲು, ಒಂದು ತೆಂಗಿನಕಾಯಿ ಸಾಕು.

ಅಖಿಲಾ ಹೆಣ್ಣು ಹೆತ್ತು ಆಸ್ಪತ್ರೆಯಿಂದ ಮನೆಗೆ ಬಂದಳು. ಪೆಂಟಮ್ಮ ಕೂಸನ್ನು ಕೌದಿಯ ಮೇಲೆ ಮಲಗಿಸಿದಳು. ಹೊರಗೆ ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು. ಕೂಸು ಉಚ್ಚೆ ಹೊಯ್ದಿತು. ಕೌದಿ ಅದನ್ನು ಸದ್ದಿಲ್ಲದೆ ಕುಡಿದುಕೊಂಡಿತು. ಕೂಸಿಗೆ ಎಚ್ಚರವೇ ಆಗಲಿಲ್ಲ. ಅಜ್ಜಿ ಬಾಗಿ ಅದರ ಬೆನ್ನ ಕೆಳಗೆ ಇನ್ನೊಂದು ಒಣ ತುಂಡು ಸರಿಸಿದಳು.

ತಾಯಂದಿರೇ, ಅಣ್ಣತಮ್ಮಂದಿರೇ, ಇವತ್ತೇ ನಿಮ್ಮ ಟ್ರಂಕು ತೆಗೆದು ನೋಡಿ. ಕೊಳ್ಳುವ ಮುಂಚೆ ಕೈಯಲ್ಲಿ ಹಿಂಡಿ ನೋಡಿ, ಇದನ್ನು ಹರಿಯುವ ತನಕ ಉಡುತ್ತೇನೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೌದೆಂದರೆ ಮಾತ್ರ ತನ್ನಿ. ಅದೂ ನಮ್ಮ ಮಗ್ಗದ ನೂಲಿನದನ್ನೇ ತನ್ನಿ. ಇರುವುದಕ್ಕೆ ಹೊಲಿಗೆ ಹಾಕಿ. ಸುಡಬೇಡಿ, ತಿಪ್ಪೆಗೆ ಒಗೆಯಬೇಡಿ. ನಾವು ಉಟ್ಟು ಬಿಟ್ಟದ್ದರ ಮೇಲೆಯೇ ನಮ್ಮ ಮೊಮ್ಮಕ್ಕಳು ಮಲಗಬೇಕಾಗಿದೆ.