ಬೀಗ ಸರಿ ಇದೆ

ನನಗೆ ಮೆಮೊ ಬಂದಿರುವುದು ಬೀಗ ಒಡೆದದ್ದಕ್ಕೆ. ಒಂದು ಜೀವ ಉಳಿಸಲು ಒಡೆದೆ ಎಂದು ಅದರಲ್ಲಿ ಎಲ್ಲೂ ಇಲ್ಲ. 'ಆಸ್ಪತ್ರೆಯ ಸ್ವತ್ತಿಗೆ ಹಾನಿ' ಎಂದಿದೆ, ಮೂರು ದಿನದೊಳಗೆ ಉತ್ತರ ಕೊಡಬೇಕು ಎಂದಿದೆ. ಹನ್ನೊಂದು ವರ್ಷದಿಂದ ಈ ವಾರ್ಡಿನಲ್ಲಿ ನರ್ಸಾಗಿ ದುಡಿಯುತ್ತಿರುವ ನನಗೆ ಇದು ಮೊದಲ ಮೆಮೊ. ಓದಿದಾಗ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು.

ಬೀಗ ಇದ್ದದ್ದು ತುರ್ತು ಟ್ರಾಲಿಗೆ. ಯಾರಿಗಾದರೂ ಎದೆಬಡಿತ ನಿಂತರೆ ಬೇಕಾಗುವ ಔಷಧಿ, ಸೂಜಿ, ಉಸಿರು ತುಂಬುವ ರಬ್ಬರ್ ಚೀಲ ಎಲ್ಲ ಇರುವ, ಚಕ್ರದ ಮೇಲೆ ಓಡುವ ಕೆಂಪು ಕಪಾಟು ಅದು. ನಾಲ್ಕು ವರ್ಷದ ಹಿಂದೆ ಅದರಿಂದ ಒಂದು ಕತ್ತರಿ, ಎರಡು ಸುರುಳಿ ಪ್ಲಾಸ್ಟರ್ ಕಾಣೆಯಾದವು. ತಪಾಸಣೆಗೆ ಬಂದವರ ಮುಂದೆ ಮೇಟ್ರನ್ ಮೇಡಂ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅಂದಿನಿಂದ ಟ್ರಾಲಿಗೆ ಬೀಗ, ಕೀ ಅವರ ಸೊಂಟಕ್ಕೆ. ಬೆನ್ನ ಹಿಂದೆ ನಾವು ಅವರನ್ನು ಬೀಗದಮ್ಮ ಎನ್ನುತ್ತೇವೆ. ತುರ್ತು ಬಂದಾಗ ಅವರನ್ನು ಹುಡುಕುವ ಬದಲು ಪಕ್ಕದ ವಾರ್ಡಿನ ಟ್ರಾಲಿಯನ್ನೇ ತಳ್ಳಿಕೊಂಡು ಬರುವುದು ನಮಗೆ ರೂಢಿಯಾಯಿತು.

ಟ್ರಾಲಿಗೊಂದು ಪುಸ್ತಕವೂ ಇದೆ. ಪ್ರತಿ ಪಾಳಿಯ ನರ್ಸ್ ಒಳಗಿನದೆಲ್ಲ ನೋಡಿ ಅದರಲ್ಲಿ ಬರೆಯಬೇಕು. ಬೀಗ ಹಾಕಿದ ಕಪಾಟಿನಲ್ಲಿ ನೋಡುವುದೇನು, ಮಣ್ಣು? ಬೀಗವನ್ನೊಮ್ಮೆ ಜಗ್ಗಿ, 'ಬೀಗ ಸರಿ ಇದೆ, ಸಾಮಾನು ಸರಿ ಇದೆ' ಎಂದು ಬರೆದು ಸಹಿ ಗೀಚುತ್ತಿದ್ದೆವು. ತಪಾಸಣೆಯವರು ಪುಸ್ತಕ ತಿರುವಿ, ಶಭಾಷ್ ಹೇಳಿ ಹೋಗುತ್ತಿದ್ದರು. ನಾನೂ ಹಾಗೆಯೇ ಬರೆದಿದ್ದೇನೆ, ನಾಲ್ಕು ವರ್ಷ, ಕಣ್ಣು ಮುಚ್ಚಿಕೊಂಡು.

ಹೋದ ಸೋಮವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕಿಟಕಿ ಪಕ್ಕದ ಮಂಚದ ಟೈಲರಿಗೆ ಬಿ.ಪಿ. ನೋಡುತ್ತಿದ್ದೆ. ಹರ್ನಿಯಾ ಆಪರೇಷನ್ ಆಗಿ ಅವರಿಗೆ ಎರಡನೇ ದಿನ. ನನ್ನ ಸಮವಸ್ತ್ರದ ತೋಳು ಹಿಡಿದು ನಕ್ಕರು.

"ಸಿಸ್ಟರ್, ಇದನ್ನ ಹೊಲಿದ ಪುಣ್ಯಾತ್ಮ ಯಾರು? ಕಚ್ಚಾ ಹೊಲಿಗೆ ಹಾಕಿ ಕೈ ತೊಳ್ಕೊಂಡಿದ್ದಾನೆ. ಒಂದೆಳೆ ಎಳೆದ್ರೆ ಸಾಕು, ತೋಳು ನನ್ನ ಕೈಲಿರುತ್ತೆ."

"ಅಪ್ಪ, ಸುಮ್ನಿರಪ್ಪ," ಎಂದಳು ಪಕ್ಕದಲ್ಲಿದ್ದ ಮಗಳು.

ಹತ್ತು ನಿಮಿಷ ಕಳೆದಿರಲಿಲ್ಲ, ಅವಳು ಕಿರುಚಿದಳು. ಟೈಲರ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ನಾಡಿ ಇರಲಿಲ್ಲ. ಡಾಕ್ಟರ್ ಓಡಿಬಂದು ಎದೆ ಒತ್ತತೊಡಗಿದರು. ಪಕ್ಕದ ವಾರ್ಡಿನ ಟ್ರಾಲಿ ಯಾರಿಗೋ ಬೇಕಾಗಿ ಕೆಳಗಿನ ಮಹಡಿಗೆ ಹೋಗಿತ್ತು. ಬೀಗದಮ್ಮ ಎದುರಿನ ಕಟ್ಟಡದಲ್ಲಿ ಸಭೆಯಲ್ಲಿದ್ದರು. ಸಭೆಯ ವಿಷಯ, ರೋಗಿಗಳ ಸುರಕ್ಷತೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ.

ಆಕ್ಸಿಜನ್ ಸಿಲಿಂಡರ್ ತಿರುಗಿಸುವ ಸ್ಪ್ಯಾನರ್ ತಂದು ಬೀಗಕ್ಕೆ ಮೂರು ಏಟು ಹಾಕಿದೆ. ಮೂರನೆಯದಕ್ಕೆ ಬಾಯಿ ಬಿಟ್ಟಿತು. ಉಸಿರಿನ ಚೀಲಕ್ಕೆ ಕೈ ಹಾಕಿದರೆ ಅದು ಸುತ್ತಿಟ್ಟ ಕಾಗದಕ್ಕೆ ಅಂಟಿಕೊಂಡಿತ್ತು. ಕಿತ್ತು ತೆಗೆದೆ. ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು, ಒತ್ತಿದಷ್ಟೂ ಗಾಳಿ ಬಿರುಕಿನಿಂದ ಆಚೆ. ಕೆಳಗಿನಿಂದ ಬೇರೆ ಚೀಲ ಬರುವಷ್ಟರಲ್ಲಿ ಏಳು ನಿಮಿಷ ಕಳೆಯಿತು. ಟೈಲರ್ ಬದುಕಿದರು. ಆದರೆ ಅಷ್ಟು ಹೊತ್ತು ಮೆದುಳಿಗೆ ಉಸಿರು ಸಾಲದೆ, ಬಲಗೈ ಅವರ ಮಾತು ಕೇಳುತ್ತಿಲ್ಲ. ಕತ್ತರಿ ಹಿಡಿಯುವ ಕೈ.

ಸಂಜೆಯಷ್ಟರಲ್ಲಿ ಟ್ರಾಲಿಗೆ ಹೊಸ ಬೀಗ ಬಂತು. ಹೊಸ ಚೀಲ ಬರಲಿಲ್ಲ.

ಮೆಮೊ ಕೈಗೆ ಬಂದ ದಿನವೇ ಸೂಪರಿಂಟೆಂಡೆಂಟ್ ಕರೆಸಿದರು. ಬೀಗದಮ್ಮ ಗೋಡೆಗೆ ಒರಗಿ ನಿಂತಿದ್ದರು.

"ಇದನ್ನ ದೊಡ್ಡದು ಮಾಡೋದು ಬೇಡಮ್ಮ," ಎಂದರು ಸಾಹೇಬರು, ಬೆಣ್ಣೆಯಂಥ ದನಿಯಲ್ಲಿ. "ಗಾಬರೀಲಿ ಬೀಗ ಒಡೆದೆ, ತಪ್ಪಾಯ್ತು ಅಂತ ಎರಡು ಸಾಲು ಬರೆದುಕೊಡು. ಮೆಮೊ ಹರಿದು ಬಿಸಾಕ್ತೀನಿ. ಚೀಲದ ವಿಷಯ ಮಾತ್ರ ಬರೀಬೇಡ. ಆ ಮನೆಯವರ ಹತ್ರಾನೂ ಬಾಯಿ ಬಿಡಬೇಡ."

"ಚೀಲ ಹಾಳಾಗಿತ್ತಲ್ಲ ಸಾರ್."

"ಪುಸ್ತಕದಲ್ಲಿ ಸರಿ ಇದೆ ಅಂತಿದೆ. ಅವತ್ತು ಬೆಳಗ್ಗೆ ಸಹಿ ಹಾಕಿದ್ದು ಯಾರು, ನೋಡು."

ಪುಸ್ತಕ ನನ್ನ ಕಡೆ ತಿರುಗಿಸಿದರು. ನನ್ನದೇ ಸಹಿ. ಆ ಕ್ಷಣ ಎರಡು ಸಾಲು ಬರೆದುಕೊಟ್ಟು ಮನೆಗೆ ಹೋಗಿಬಿಡಬೇಕು ಅನಿಸಿದ್ದು ನಿಜ. ಆದರೆ ಕಣ್ಣ ಮುಂದೆ ಆ ಕೈ ಬಂತು.

"ಅದನ್ನೂ ಬರೀತೀನಿ ಸಾರ್. ನೋಡದೆ ಸಹಿ ಹಾಕಿದೆ ಅಂತ."

"ಕೆಲಸ ಹೋಗುತ್ತೆ."

"ಹೋಗ್ಲಿ. ಹೋಗೋಕೆ ಮುಂಚೆ ಆ ಪುಸ್ತಕದ ಸಹಿಗಳನ್ನೆಲ್ಲ ಒಂದ್ಸಲ ನೋಡಿ. ಪ್ರತಿ ವಾರ ಮೇಡಂದು ಇದೆ. ತಿಂಗಳಿಗೊಂದು ನಿಮ್ದೂ ಇದೆ."

ಸಾಹೇಬರು ಪುಸ್ತಕ ಮುಚ್ಚಿದರು.

ಅಲ್ಲೇ ಹೊರಗೆ ಬೆಂಚಿನ ಮೇಲೆ ಕೂತು ಉತ್ತರ ಬರೆದೆ, ಎರಡು ಪ್ರತಿ. ಒಂದನ್ನು ಕಚೇರಿಗೆ ಕೊಟ್ಟೆ. ವಾರ್ಡಿಗೆ ಬಂದಾಗ ಟೈಲರ ಮಗಳು ಅವರ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಅಕ್ಕ, ಎಲ್ಲರನ್ನೂ ಕೇಳಿದೆ, ಯಾರೂ ಹೇಳ್ತಿಲ್ಲ. ಅವತ್ತು ತಡ ಆಯ್ತಾ?"

"ಆಯ್ತು," ಎಂದೆ. "ಏಳು ನಿಮಿಷ. ಉಸಿರಿನ ಚೀಲ ಹಾಳಾಗಿತ್ತು. ಸರಿ ಇದೆ ಅಂತ ಬೆಳಗ್ಗೆ ಸಹಿ ಹಾಕಿದ್ದು ನಾನೇ. ಎಲ್ಲ ಇದರಲ್ಲಿ ಬರೆದಿದ್ದೀನಿ, ಇಟ್ಕೊ."

ಅವಳು ನಿಂತಲ್ಲೇ ಓದಿದಳು. "ಇಷ್ಟು ದಿನ ನಿಮ್ಮನ್ನೇ ದೇವ್ರು ಅನ್ಕೊಂಡಿದ್ನಲ್ಲ," ಎಂದಳು. ಕ್ಷಮಿಸು ಎಂದೆ. ಅವಳು ಮುಖ ತಿರುಗಿಸಿಕೊಂಡು ಅಪ್ಪನ ಬೆರಳು ಬಿಡಿಸಲು ಕೂತಳು. ಆದರೆ ಆ ಕಾಗದವನ್ನು ಮಡಚಿ ಜೋಪಾನವಾಗಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ಮಾರನೆಯ ಬೆಳಗ್ಗೆ ಟ್ರಾಲಿಯ ಪುಸ್ತಕದಲ್ಲಿ ಬರೆದೆ: 'ಬೀಗ ಹಾಕಿದೆ. ತೆರೆದು ನೋಡಿಲ್ಲ. ಒಳಗೆ ಏನಿದೆಯೋ ಗೊತ್ತಿಲ್ಲ.' ಮುಂದಿನ ಪಾಳಿಯವಳು ಬಂದು ಓದಿದಳು, ನನ್ನ ಮುಖ ನೋಡಿದಳು. ಅವಳಿಗೆ ಎರಡು ಮಕ್ಕಳು, ಕೆಲಸ ಇನ್ನೂ ಕಾಯಂ ಆಗಿಲ್ಲ. ಪೆನ್ನು ತೆಗೆದುಕೊಂಡು ಕೆಳಗೆ ಅದನ್ನೇ ಬರೆದಳು. ಆಮೇಲಿನವಳೂ ಬರೆದಳು. ವಾರದ ಸಹಿ ಹಾಕಲು ಬೀಗದಮ್ಮ ಬಂದಾಗ ಪುಟದ ತುಂಬಾ ಒಂದೇ ಮಾತು.

"ಎಲ್ಲ ಸೇರ್ಕೊಂಡು ನನ್ನ ಮೇಲೆ ತಿರುಗಿಬಿದ್ದಿದ್ದೀರಾ?"

"ಹೌದು ಮೇಡಂ."

ಅವರು ಪುಟ ತಿರುವಿದರು. ಪೆನ್ನು ತೆರೆದರು, ಮುಚ್ಚಿದರು. ಕೊನೆಗೆ ಸೊಂಟದಿಂದ ಕೀ ಬಿಚ್ಚಿ ಮೇಜಿನ ಮೇಲೆ ಇಟ್ಟರು. "ತಗೋ. ನೀನೇ ಇಟ್ಕೊ."

"ಕೀ ಬೇಡ ಮೇಡಂ. ಬೀಗಾನೇ ಬೇಡ."

"ಕಳ್ಳತನ ಆದ್ರೆ?"

"ಒಂದೆಳೆ ದಾರ ಕಟ್ಟೋಣ. ಯಾರಾದ್ರೂ ತೆರೆದ್ರೆ ಹರಿದುಹೋಗುತ್ತೆ, ನಮಗೆ ಗೊತ್ತಾಗುತ್ತೆ. ಮತ್ತೆ ಎಣಿಸಿ, ಮತ್ತೆ ಕಟ್ಟೋಣ."

"ಯಾರು ಹೇಳ್ಕೊಟ್ಟಿದ್ದು?"

"ಟೈಲರ್," ಎಂದೆ. ಅವರು ಕಿಟಕಿ ಪಕ್ಕದ ಮಂಚದ ಕಡೆ ನೋಡಲಿಲ್ಲ. ನೋಡಲಾಗಲಿಲ್ಲ ಅನಿಸುತ್ತದೆ. ತಾವೇ ಬಗ್ಗಿ ಬೀಗ ತೆಗೆದರು. ಇಬ್ಬರೂ ನೆಲದ ಮೇಲೆ ಕೂತು ಎಲ್ಲವನ್ನೂ ಹೊರಗೆ ಹರವಿ ಎಣಿಸಿದೆವು.

ನನ್ನ ವಿಚಾರಣೆ ಬರುವ ವಾರ. ಹೋಗುತ್ತೇನೆ, ಇದನ್ನೆಲ್ಲ ಹೀಗೇ ಹೇಳುತ್ತೇನೆ. ಅಂದು ದಾರ ಕಟ್ಟಿ ಎದ್ದಮೇಲೆ ಪುಸ್ತಕ ತೆಗೆದು ಬರೆದೆ: 'ತೆರೆದು ನೋಡಿದ್ದೇನೆ. ಉಸಿರಿನ ಚೀಲ ಇಲ್ಲ.' ಕೆಳಗೆ ಸಹಿ ಹಾಕಿದೆ, ಯಾರು ಬೇಕಾದರೂ ಓದುವಷ್ಟು ದೊಡ್ಡದಾಗಿ.